ಅಪ್ಪಿಕೊಂಡರೂ ತಿಳಿಯದ ಒರೆ

ಹಲೋ… ಹಾಂ, ಟ್ಯಾಕೆಟ್ ಚರ್ಮದಂಗಡಿ, ನಾನು ನೋರೀನ್. ಯಾರು ಮಾತಾಡ್ತಿರೋದು?…

ಹಲೋ? ಯಾರು?… ಸ್ವಲ್ಪ ಗಟ್ಟಿಯಾಗಿ ಹೇಳಿ, ಇಲ್ಲಿ ಹೊಲಿಗೆ ಮೆಷಿನ್ ಓಡ್ತಿದೆ… ತಡೀರಿ, ನಿಲ್ಲಿಸ್ತೀನಿ… ಹಾಂ, ಈಗ ಹೇಳಿ.

…ಒರೆನಾ? ಪಿಸ್ತೂಲಿಗೆ ಒರೆ. ಮಾಡಿಕೊಡ್ತೀನಲ್ಲ, ಅದೇ ಕೆಲಸ ನಂದು. ಜೀನು ಹೊಲಿಯೋದು ಬಿಟ್ಟು ಎಷ್ಟೋ ಕಾಲ ಆಯ್ತು. ಈಗ ಒಕ್ಲಹೋಮದಲ್ಲಿ ಕುದುರೆ ಹತ್ತೋರಿಗಿಂತ ಸೊಂಟಕ್ಕೆ ಪಿಸ್ತೂಲು ಕಟ್ಟೋರೇ ಜಾಸ್ತಿ. ನಿಮಗೋ, ನಿಮ್ಮ ಯಜಮಾನರಿಗೋ?… ನಿಮಗೇನಾ. ಒಳ್ಳೇದು. ಹೊರಗೆ ಕಾಣೋ ಥರಾನೋ, ಬಟ್ಟೆ ಒಳಗೋ?… ಒಳಗೆ. ದಿನಾ ಕಟ್ಕೊಳ್ಳೋಕೆ. ಹಾಂ ಹಾಂ.

ಹೆಸರು ಏನಂದ್ರಿ?… ಆಮೇಲೆ ಹೇಳ್ತೀರಾ? ಸರಿ, ನಿಮ್ಮಿಷ್ಟ. ಕಳ್ಳರ ಹಾಗೆ ಪಿಸುಗುಟ್ತಿದ್ದೀರಲ್ಲ, ಮಗು ಮಲಗಿದೆಯಾ?… ಮಗು ಇಲ್ವಾ. ಸರಿ.

…ನೋಡಿ, ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ. ಬಂದೂಕು ಸಂತೆಯಲ್ಲಿ ಮೆತ್ತಗಿರೋ ಬಟ್ಟೆ ಒರೆ ಮಾರ್ತಾರಲ್ಲ, ಅದನ್ನ ತಂದು "ಇದನ್ನೇ ಸರಿ ಮಾಡಿಕೊಡು" ಅಂತ ಬರಬೇಡಿ. ಪಿಸ್ತೂಲು ಹೊರಗೆ ಎಳೆದ ತಕ್ಷಣ ಅದರ ಬಾಯಿ ಮುಚ್ಕೊಳ್ಳುತ್ತೆ. ಮತ್ತೆ ಒಳಗೆ ತೂರಿಸೋಕೆ ಹೋದ್ರೆ ಆ ಮಡಿಕೆ ಟ್ರಿಗರಿಗೆ ಸಿಕ್ಕಿ ಢಂ ಅನ್ನುತ್ತೆ. ನಮ್ಮ ವೆಂಡೆಲ್ ಹಾಬ್ಸ್ ಕುಂಟೋದು ಅದಕ್ಕೇ. ಊರಿಗೆಲ್ಲ ಯುದ್ಧದಲ್ಲಿ ಪೆಟ್ಟಾಯ್ತು ಅಂತಾನೆ. ಪೆಟ್ಟಾಗಿದ್ದು ದಿನಸಿ ಅಂಗಡಿ ಮುಂದೆ, ಕಾರಿಂದ ಇಳೀವಾಗ…

ನಗಲೇ ಇಲ್ಲ ನೀವು. ಎಲ್ಲರೂ ನಗ್ತಾರೆ ಅದಕ್ಕೆ… ಸರಿ ಬಿಡಿ.

ಯಾವ ಪಿಸ್ತೂಲು?… ರಿವಾಲ್ವರ್. ಚಿಕ್ಕದು, ಮೋಟು ಮೂತಿದು. ಹಳೇದಾ?… ಹಳೇದೇ ಒಳ್ಳೇದು, ಅದರ ಅಚ್ಚು ನನ್ನ ಹತ್ರ ಇದೆ. ಹಿಡಿ ಮರದ್ದಾ, ರಬ್ಬರಿಂದಾ? ಯಾಕೆ ಕೇಳ್ತೀನಿ ಅಂದ್ರೆ ರಬ್ಬರಾದ್ರೆ ಅಂಗಿಗೆ ಅಂಟ್ಕೊಂಡು ಊರಿಗೆಲ್ಲ ತೋರಿಸಿಬಿಡುತ್ತೆ… ಮರದ್ದು. ಹಾಂ… ಕೆಳಗಡೆ ಚೂರು ಒಡೆದಿದೆಯಾ? ಪರವಾಗಿಲ್ಲ, ಅದನ್ನ ಉಜ್ಜಿ… ಏನಂದ್ರಿ? ಒಡೆದ ಜಾಗಕ್ಕೆ ಕೆಂಪಗೆ ಏನೋ ತುಂಬಿದೆಯಾ?

…

ಉಗುರಿಗೆ ಹಚ್ಚೋ ಬಣ್ಣ ಅದು.

…ನನಗೆ ಹೇಗೆ ಗೊತ್ತಾ? ತುಂಬಿದ್ದು ನಾನೇ. ನಮ್ಮಪ್ಪ ನನಗೆ ಕೊಟ್ಟ ಪಿಸ್ತೂಲು ಅದು. ಯಾರೇ ನೀನು? ನಿನಗೆಲ್ಲಿ ಸಿಕ್ತು?…

ಓಹೋ. ಶೌನಾ.

ರಾಯ್ಸ್‌ನ ಹೆಂಡತಿ ಶೌನಾ. ನನ್ನ ಗಂಡನ ಹೆಂಡತಿ… ಹಾಂ ಹಾಂ, ಮಾಜಿ ಗಂಡ. ನೆನಪಿಸೋಕೆ ನೀನೇ ಬೇಕಿತ್ತು ನೋಡು. ಎಷ್ಟು ಧೈರ್ಯ ನಿನಗೆ ಈ ನಂಬರಿಗೆ ಫೋನ್ ಮಾಡೋಕೆ!…

ಮಿಸ್ ನೋರೀನ್ ಅನ್ಬೇಡ. ಮೈ ಉರಿಯುತ್ತೆ. ನಾನು ಹೇಳಿಕೊಡ್ತಿದ್ದ ಭಾನುವಾರದ ಬೈಬಲ್ ತರಗತೀಲಿ ಎರಡು ಜಡೆ ಹಾಕ್ಕೊಂಡು ಮುಂದಿನ ಬೆಂಚಲ್ಲಿ ಕೂತು "ಮಿಸ್ ನೋರೀನ್, ಮಿಸ್ ನೋರೀನ್" ಅಂತಿದ್ದೆಯಲ್ಲ, ಅದೇ ಬಾಯಿ. ನಾನು ಆ ಮನೆಯಿಂದ ಉಟ್ಟ ಬಟ್ಟೆಯಲ್ಲಿ ಹೊರಬಿದ್ದೆ. ನಾನು ನೆಟ್ಟ ಟೊಮೇಟೊ ಹಣ್ಣಾಗೋಕೆ ಮುಂಚೆ ನೀನು ಬಿಳಿ ಗೌನು ಹಾಕ್ಕೊಂಡು ಒಳಗೆ ಹೋದೆ. ಆ ಟೊಮೇಟೊ ನೀನೇ ತಿಂದೆ ಅಂತ ಕಾಣುತ್ತೆ. ಚೆನ್ನಾಗಿತ್ತಾ?…

ಅಳಬೇಡ. ಅತ್ತು ಒರೆ ಹೊಲಿಸ್ಕೋಬೇಡ. ಬೇರೆ ಅಂಗಡಿ ನೋಡ್ಕೋ, ತುಲ್ಸಾದಲ್ಲಿ ಬೇಕಾದಷ್ಟಿವೆ. ಇಡ್ತೀನಿ… ಯಾಕಾಗಲ್ಲ? ಕಾರ್ ತಗೊಂಡು ಹೋಗು… ಕೀಲಿಕೈ ಅವನ ಹತ್ರ ಇರುತ್ತಾ?… ಮೊಬೈಲೂ? ಹಾಂ… ಹಾಗಾದ್ರೆ ಅಡುಗೆಮನೆ ಗೋಡೆ ಮೇಲಿನ ಫೋನಿಂದ ಮಾತಾಡ್ತಿದ್ದೀಯಾ. ಅದರ ವೈರು ಉದ್ದ ಇದೆ, ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕ್ಕೋ. ನಾನೂ ಅಲ್ಲೇ ನಿಂತು ಮಾತಾಡ್ತಿದ್ದೆ… ಹಾಕ್ಕೊಂಡ್ಯಾ?

ಪಿಸ್ತೂಲು ಎಲ್ಲಿ ಸಿಕ್ತು, ಅದು ಹೇಳು ಮೊದಲು… ಸುಂಟರಗಾಳಿ ಬಂದಾಗ ಇಳೀತೀವಲ್ಲ, ಆ ನೆಲಮಾಳಿಗೇಲಿ. ಪೀಚ್ ಬಾಟಲಿಗಳ ಹಿಂದೆ, ತಗಡಿನ ಡಬ್ಬೀಲಿ. ಹಾಂ, ನಾನಿಟ್ಟ ಜಾಗಾನೇ. ಅಷ್ಟು ವರ್ಷ ರಾಯ್ಸ್‌ಗೆ ಸಿಗಲಿಲ್ಲ ಅದು. ಅವನ ಬಂದೂಕುಗಳೆಲ್ಲ ಕಬ್ಬಿಣದ ಬೀರುವಿನಲ್ಲಿ, ಕೀಲಿಕೈ ಅವನ ಕೊರಳಲ್ಲಿ, ಅಲ್ವಾ? ಇದೊಂದು ಇದೆ ಅಂತ ಅವನಿಗೆ ಗೊತ್ತೇ ಇಲ್ಲ. ಆದ್ರೆ ನಿನಗೆ ಹೇಗೆ ಸಿಕ್ತು? ಗಾಳಿಗೆ ಹೆದರಿ ಇಳಿದೋರು ಪೀಚ್ ಬಾಟಲಿ ಹಿಂದೆ ಕೈ ಹಾಕಲ್ಲ… ಏನೋ ಬಚ್ಚಿಡೋಕೆ ಜಾಗ ಹುಡುಕ್ತಿದ್ಯಾ. ಏನು?… ಬೇಡ, ಹೇಳಬೇಡ. ನಿನ್ನ ಸಂಸಾರದಲ್ಲಿ ನಾನ್ಯಾಕೆ ಮೂಗು ತೂರಿಸಲಿ.

…

ಸರಿ. ಗಿರಾಕಿ ಅಂದ್ರೆ ಗಿರಾಕಿ. ಕೇಳಿದ್ದಕ್ಕೆ ಉತ್ತರ ಹೇಳು, ಒರೆ ಹೊಲಿದು ಯಾರ ಕೈಲಾದ್ರೂ ಕಳಿಸ್ತೀನಿ, ಅಲ್ಲಿಗೆ ನಿನಗೂ ನನಗೂ ಮುಗೀತು. ಬೆಣ್ಣೆ ಹಚ್ಚಬೇಡ, ಹೆಂಗಸರ ಸೊಂಟಕ್ಕೆ ಸರಿಯಾಗಿ ಮಾಡೋಳು ಈ ಸುತ್ತಿನಲ್ಲಿ ನಾನೊಬ್ಬಳೇ ಅಂತ ನನಗೂ ಗೊತ್ತು. ಗಂಡಸರ ಒರೆ ನಮಗಾಗಲ್ಲ. ನಮ್ಮ ಸೊಂಟ ಉಬ್ಬಿರೋದ್ರಿಂದ ಪಿಸ್ತೂಲಿನ ಹಿಡಿ ಒಳಕ್ಕೆ ವಾಲಿ ಪಕ್ಕೆಲುಬಿಗೆ ಇರಿಯುತ್ತೆ. ಈ ಊರಲ್ಲಿ ಪ್ರತಿ ಮನೇಲೂ ಬೇಡವಾದ ಒರೆಗಳ ಒಂದು ಡ್ರಾಯರ್ ಇದೆ. ಚುಚ್ಚಿದ್ದು, ಜಾರಿದ್ದು, ಉಬ್ಬಿ ಕಂಡಿದ್ದು, ಎಲ್ಲ ಅದರೊಳಗೆ. ಮೊದಲನೇ ಸಲಕ್ಕೇ ಸರಿಯಾದ್ದು ಸಿಕ್ಕೋರೇ ಇಲ್ಲ. ಗಂಡಂದಿರಿಗೂ ಅಂಥದ್ದೊಂದು ಡ್ರಾಯರ್ ಇದ್ದಿದ್ರೆ ಚೆನ್ನಾಗಿತ್ತು.

…ಕೈಚೀಲದಲ್ಲಿ ಇಡೋದು ಹೇಗೂ ಬೇಡ. ಎಲ್ಲೋ ಇಟ್ಟು ಮರೀತೀರಿ, ಯಾರೋ ಕಿತ್ಕೊಂಡು ಓಡ್ತಾರೆ… ನಿನ್ನ ಕಾರಣ ಬೇರೆನಾ? ಯಾಕೆ?… ಮನೆಗೆ ಬಂದ ತಕ್ಷಣ ಚೀಲ ಮೇಜಿನ ಮೇಲೆ ಸುರೀತಾನೆ. ಹಾಂ. ಲಿಪ್‌ಸ್ಟಿಕ್ಕಿನ ಮುಚ್ಚಳ ತೆಗೆದು ಎಷ್ಟು ಸವೆದಿದೆ ಅಂತ ನೋಡೋದು ಬಿಟ್ಟಿದ್ದಾನಾ?… ಬಿಟ್ಟಿಲ್ಲ.

…ಸರಿ. ಗಟ್ಟಿ ಪ್ಲಾಸ್ಟಿಕ್ಕಿನ ಒರೆ ಅಂತ ಇದೆ, ಹೊಸಬರಿಗೆ ನಾನು ಅದನ್ನೇ ಹೇಳೋದು. ಟ್ರಿಗರ್ ಪೂರ್ತಿ ಮುಚ್ಚುತ್ತೆ, ಬಾಯಿ ಯಾವತ್ತೂ ತೆರೆದೇ ಇರುತ್ತೆ, ತಲೆಕೆಳಗೆ ಹಿಡಿದು ಅಲ್ಲಾಡಿಸಿದ್ರೂ ಪಿಸ್ತೂಲು ಬೀಳಲ್ಲ. ಒಳಗೆ ಕೂತ್ಕೊಳ್ಳೋವಾಗ ಟಕ್ ಅನ್ನುತ್ತೆ, ಆ ಸದ್ದು ಕೇಳಿದ್ರೇನೇ ನೆಮ್ಮದಿ… ಸದ್ದು ಬೇಡವಾ? ಯಾಕೆ ಬೇಡ?… ಪಕ್ಕದ ಕೋಣೆಗೆ ಕೇಳಿಸಬಾರದು.

ಚರ್ಮದ್ದೂ ಹೊಸದರಲ್ಲಿ ಕಿರುಗುಟ್ಟುತ್ತೆ ಕಣೆ, ಜೀನಿನ ಹಾಗೆ. ಎಲ್ಲೆಲ್ಲಿ ಕಟ್ಕೋತೀಯಾ? ಪೇಟೆಗೆ ಹೋಗೋವಾಗ, ಚರ್ಚಿಗೆ?… ಮನೆಯೊಳಗಾ? ಅಡುಗೆ ಮಾಡೋವಾಗ… ಮಲಗೋವಾಗಲೂ? ಮಲಗೋವಾಗ ಯಾರಾದ್ರೂ ಕಟ್ಕೋತಾರಾ, ಪಕ್ಕದ ಮೇಜಿನ ಮೇಲೆ ಇಡ್ತಾರೆ… ಹಾಂ, ಮೇಜು ಅವನ ಕಡೆ ಇದೆ ಅಲ್ವಾ. ಬೆಲ್ಟು ಇಲ್ದೆ ಒರೆ ನಿಲ್ಲಲ್ಲ, ಗಟ್ಟಿ ಬೆಲ್ಟು ಬೇಕು… ಮನೇಲಿ ಬೆಲ್ಟು ಹಾಕ್ಕೊಂಡ್ರೆ ಎಲ್ಲಿಗೆ ಹೊರಟೆ ಅಂತ ಕೇಳ್ತಾನೆ.

…

ಮುಂದಿನ ಪ್ರಶ್ನೆ ನಾನು ಎಲ್ಲರಿಗೂ ಕೇಳ್ತೀನಿ, ನಿನಗೇ ಅಂತ ಅಲ್ಲ. ನಿನ್ನನ್ನ ಅಪ್ಪಿಕೊಳ್ಳೋರು ಯಾರು?… ಬೇರೆ ಕಡೆ ಕೇಳಿದ್ರೆ ಕಪಾಳಕ್ಕೆ ಹೊಡೀತಾರೆ, ನಮ್ಮಲ್ಲಿ ಅದು ಕೇಳ್ದೆ ಒರೆ ಹೊಲಿಯೋಕಾಗಲ್ಲ. ಚರ್ಚಿನ ಬಾಗಿಲಲ್ಲಿ ಕಂಡೋರೆಲ್ಲ ತಬ್ಕೋತಾರೆ. ಬೆನ್ನಿನ ಪಕ್ಕಕ್ಕೆ ಕಟ್ಟಿದ್ರೆ ತಬ್ಬೋರ ಕೈ ನೇರ ಅದರ ಮೇಲೇ ಬೀಳುತ್ತೆ. ಮುಂದೆ ಹೊಕ್ಕುಳ ಪಕ್ಕ ಕಟ್ಟಿದ್ರೆ ಹೊಟ್ಟೆಗೆ ಹೊಟ್ಟೆ ತಾಗಿದಾಗ…

ಹಿಂದಿನಿಂದ ಅಪ್ಪಿಕೊಂಡರೂ ತಿಳೀಬಾರದಾ?… ಮುಂದಿನಿಂದಲೂ. ಯಾವ ಕಡೆಯಿಂದ ಅಪ್ಪಿಕೊಂಡರೂ ತಿಳೀಬಾರದು. ಯಾರು ಅಪ್ಪಿಕೊಂಡರೆ ಶೌನಾ?… ಯಾರು ಅಂತ ಕೇಳ್ತಿದ್ದೀನಿ.

…

ಆಯ್ತು, ಅಳತೆ ಹೇಳು ಈಗ. ಪಿಸ್ತೂಲು ಎಲ್ಲಿದೆ?… ಏಪ್ರನ್ ಜೇಬಲ್ಲಾ! ಅಯ್ಯೋ ಪುಣ್ಯಾತ್ಗಿತ್ತಿ, ಮೊದಲು ಗುಂಡು ತೆಗಿ. ಎಡಪಕ್ಕದಲ್ಲಿ ಒಂದು ಗುಂಡಿ ಇದೆ ನೋಡು, ಹೆಬ್ಬೆರಳಲ್ಲಿ ಮುಂದಕ್ಕೆ ತಳ್ಳು, ಗುಂಡಿನ ಗಾಲಿ ಮಗ್ಗುಲಿಗೆ ತೆರ್ಕೊಳ್ಳುತ್ತೆ… ಆಗ್ತಿಲ್ವಾ? ಒಂದೇ ಕೈಯಲ್ಲಿ ಮಾಡಿದ್ರೆ ಹೇಗಾಗುತ್ತೆ? ಫೋನು ಭುಜಕ್ಕೆ ಒತ್ತಿ ಹಿಡ್ಕೋ… ಬಲಗೈಗೆ ಏನಾಗಿದೆ?… ಪ್ಲಾಸ್ಟರ್ ಹಾಕಿದ್ದಾರಾ, ಮಣಿಕಟ್ಟಿಂದ ಮೊಣಕೈವರೆಗೆ. ಏನಾಯ್ತು?… ಜಾರಿ ಬಿದ್ಯಾ. ಎಲ್ಲಿ?

ಹಿಂಬಾಗಿಲ ಮೆಟ್ಟಿಲ ಮೇಲೆ.

…ಗೊತ್ತು ಆ ಮೆಟ್ಟಿಲು. ಎರಡೇ ಮೆಟ್ಟಿಲು, ಹಾಸಿಗೆಯಷ್ಟು ಅಗಲ. ಕಣ್ಣು ಕಾಣದೋರೂ ಬೀಳಲ್ಲ ಅಲ್ಲಿ. ನಾನು ಬೀಳ್ತಿದ್ದೆ. ಆಸ್ಪತ್ರೇಲಿ ಏನಾಯ್ತು ಅಂತ ಕೇಳಿದ್ರೆ ಮೆಟ್ಟಿಲು ಅಂತಿದ್ದೆ, ಅವನು ಪಕ್ಕದಲ್ಲೇ ನಿಂತು ನನ್ನ ತಲೆ ಸವರ್ತಿದ್ದ. ನಿನಗೂ ಸವರಿದನಾ?…

ಸವರಿದ.

ಶೌನಾ, ನೀನು ಕಳ್ಳರಿಗೆ ಹೆದರಿ ಒರೆ ಕೇಳ್ತಿಲ್ಲ. ಮನೆಯೊಳಗೆ ಇರೋನಿಗೆ ಹೆದರಿ ಕೇಳ್ತಿದ್ದೀಯಾ… ಹೌದೋ ಅಲ್ವೋ?

…

ಹೌದು.

ಕೇಳು, ನಿನಗೆ ಸುಳ್ಳು ಯಾಕೆ ಹೇಳಲಿ. ನೀನು ಹೀಗೆ ಅಳೋ ದಿನ ಬರಲಿ ಅಂತ ಕಾದಿದ್ದೋಳು ನಾನು. ನಿಮ್ಮ ಮದುವೆ ಕೇಕಿನ ತುಂಡೊಂದು ನನ್ನ ಅಂಗಡಿಗೂ ಕಳಿಸಿದ್ರು ನಮ್ಮ ಚರ್ಚಿನ ಹೆಂಗಸರು, ಎಷ್ಟು ಒಳ್ಳೆಯವರು ನೋಡು. ಅದನ್ನ ನಾಯಿಗೆ ಹಾಕಿ, ನಿನಗೂ ಒಂದು ದಿನ ಬರುತ್ತೆ ಅಂದ್ಕೊಂಡೆ. ಈಗ ಬಂದಿದೆ. ಸಂತೋಷ ಆಗಬೇಕಿತ್ತು. ಏನೂ ಆಗ್ತಿಲ್ಲ ಕಣೆ, ಬಾಯೆಲ್ಲ ಕಹಿ, ಅಷ್ಟೇ.

…ಬ್ರದರ್ ಹಾಲಿಸ್ ಹತ್ರ ಹೋಗಿದ್ಯಾ? ಪಾದ್ರಿ ಏನಂದ?… "ತಾಳ್ಮೆಯಿಂದ ಇರಮ್ಮ, ಪ್ರೀತಿಯಿಂದ ಅವನ ಮನಸ್ಸು ಗೆಲ್ಲು." ಆಹಾ. ನನಗೂ ಅದೇ ಅಂದಿದ್ದ, ಒಂದು ಪದ ಬದಲಾಯಿಸಿಲ್ಲ ನೋಡು. ಪೊಲೀಸರು?… ಡೆಪ್ಯುಟಿ ಬಂದು ವರಾಂಡದಲ್ಲಿ ರಾಯ್ಸ್ ಜೊತೆ ಕೂತು ಸಿಹಿ ಚಹಾ ಕುಡಿದು ಹೋದ. ಚಹಾ ಮಾಡಿಕೊಟ್ಟಿದ್ದು ನೀನೇನಾ?… ಒಂದೇ ಕೈಯಲ್ಲಿ. ಥೂ.

…ಇಲ್ಲ, ನಾನು ಒರೆ ಮಾಡಿಕೊಡಲ್ಲ… ಕೋಪಕ್ಕಲ್ಲ, ಕೇಳು ಇಲ್ಲಿ. ಚರ್ಚಿನ ಕಾವಲು ತಂಡಕ್ಕೆ ಮುಖ್ಯಸ್ಥ ಯಾರು? ನಿನ್ನ ಗಂಡ. ಬಾಗಿಲಲ್ಲಿ ನಿಂತು ಬಂದೋರನ್ನೆಲ್ಲ ತಬ್ಬಿ, ಬೆನ್ನು ತಟ್ಟಿ, ಏನು ಮಾಡ್ತಾನೆ? "ಎಡಗಡೆ, ಚಿಕ್ಕದು, ಹೊಸ ಒರೆ" ಅಂತಾನೆ. ಎಲ್ಲರೂ ಹೋ ಅಂತ ನಗ್ತಾರೆ. ತಮಾಷೆ ಅದು ಅವರಿಗೆ. ನಾನು ಹೊಲಿದ ಒಂದೊಂದು ಒರೆನೂ ಅವನು ಹಾಗೇ ಹಿಡಿದಿದ್ದಾನೆ. ಡೋಟಿ ಅಜ್ಜಿಗೆ ಕಂಕುಳಡಿಗೆ ಮಾಡಿಕೊಟ್ಟಿದ್ದೆ, ನನ್ನ ಕೈಯಲ್ಲೇ ಅಷ್ಟು ತೆಳ್ಳಗೆ ಇನ್ನೊಂದು ಬಂದಿಲ್ಲ. ಅವಳನ್ನ ತಬ್ಬಿ, ಅವನು ನನ್ನ ಕಡೆ ನೋಡಿ ಕಣ್ಣು ಹೊಡೆದ. ಅವನ ಕೈಗೆ ತಿಳಿಯದ ಒರೆ ಹೊಲಿಯೋಕೆ ನನಗೆ ಬರಲ್ಲ. ಯಾರಿಗೂ ಬರಲ್ಲ.

ಅದು ಅವನಿಗೆ ಸಿಕ್ಕಿದ ದಿನ ಪಿಸ್ತೂಲು ನಿನ್ನ ಕೈಯಲ್ಲಿರಲ್ಲ, ಅವನ ಕೈಯಲ್ಲಿರುತ್ತೆ. ಎಡಗೈಯಲ್ಲಿ ಗುಂಡು ತೆಗೆಯೋಕೂ ಆಗದೋಳು ನೀನು. ಆಮೇಲೆ ಊರಿಗೆಲ್ಲ ಹೇಳ್ತಾನೆ, ಹೆಂಡತಿ ಗನ್ ತೋರಿಸಿದ್ಲು, ಏನು ಮಾಡಲಿ ಅಂತ. ಬ್ರದರ್ ಹಾಲಿಸ್ ಚೆನ್ನಾಗಿ ಪ್ರಾರ್ಥನೆ ಮಾಡ್ತಾನೆ. ಹೆಂಗಸರು ಕೇಕು ಮಾಡ್ತಾರೆ.

…ಮತ್ತೇನು ಮಾಡ್ಲಿ ಅಂತೀಯಾ? ಸೊಂಟದ ಚಿಂತೆ ಬಿಡು, ಕಾಲಿಗೆ ಬುದ್ಧಿ ಹೇಳು. ಈಗಲೇ… ಎಲ್ಲಿಗೆ ಅಂದ್ರೆ? ಇಲ್ಲಿಗೆ. ಹಾಂ, ನನ್ನ ಮನೆಗೇ. ನನಗೇನು ಆಸೆ ಅಂದ್ಕೊಂಡಿದ್ದೀಯಾ ನಿನ್ನ ಮುಖ ನೋಡೋಕೆ? ಅಂಗಡಿ ಹಿಂದೆ ಮಂಚ ಇದೆ, ಚರ್ಮದ ವಾಸನೆ, ತಡ್ಕೋ. ಆಮೇಲೆ ಆರ್ಕನ್ಸಾದಲ್ಲಿ ನನ್ನ ತಂಗಿ ಇದ್ದಾಳೆ, ಅವಳ ಹತ್ರ ಬಿಟ್ಟು ಬರ್ತೀನಿ. ನನ್ನನ್ನೂ ಅವಳೇ ಇಟ್ಕೊಂಡಿದ್ದು. ಅವನು ಅಲ್ಲಿಗೆ ಬಂದಿದ್ದ, ಅವಳ ಗಂಡ ಬಾಗಿಲಿಂದಲೇ ವಾಪಸ್ ಕಳಿಸಿದ. ದೊಡ್ಡ ಆಳು ಅವನು, ಮಾತು ಕಡಿಮೆ.

…ಕಾರು ಬೇಡ. ಹಿಂದಿನ ಹುಲ್ಲುಗಾವಲು ದಾಟಿದ್ರೆ ಹೆದ್ದಾರಿ, ಗೊತ್ತಲ್ವಾ? ನಾನು ವ್ಯಾನು ತಗೊಂಡು ಬಂದು ಅಲ್ಲಿ ನಿಂತಿರ್ತೀನಿ. ಗಟ್ಟಿ ಬೂಟು ಹಾಕ್ಕೋ, ಹುಲ್ಲಲ್ಲಿ ಹಾವಿರುತ್ತೆ. ಪಿಸ್ತೂಲು ಅಲ್ಲೇ ಬಿಡು… ಬೇಡ, ತರಬೇಡ! ಒರೆ ಇಲ್ದೆ ಹೊಟ್ಟೆಗೆ ಸಿಕ್ಕಿಸ್ಕೊಂಡು ಮುಳ್ಳುತಂತಿ ದಾಟ್ತೀಯಾ? ನಮ್ಮಪ್ಪನ ನೆನಪು ಅಂತ ಇನ್ನೂ ಅದಕ್ಕೆ ನಾನು ಅಳ್ತಾ ಕೂತಿಲ್ಲ. ಹಿಟ್ಟಿನ ಡಬ್ಬಿ ಇದೆಯಲ್ಲ ಉಗ್ರಾಣದಲ್ಲಿ, ಅದರೊಳಗೆ ಹುಗಿದು ಹೊರಡು.

…ಓವನ್‌ನಲ್ಲಿ ಏನಿದೆ?… ಇವತ್ತು ಸಂಜೆ ಚರ್ಚಿನ ಬುಧವಾರದ ಊಟಕ್ಕೆ ಕೋಳಿ ಕ್ಯಾಸರೋಲು. ಸುಟ್ಟು ಕರಕಲಾಗಲಿ! ಕೋಳಿ ಬೇಯೋ ತನಕ ಕಾಯ್ತೀಯಾ? ನಾನೂ ಹೀಗೇ ಕಾದೆ ಕಣೆ. ಇವತ್ತು ಅತ್ತೆ ಬರ್ತಾರೆ, ನಾಳೆ ಹಬ್ಬ, ಈ ಬಟ್ಟೆ ಒಣಗಲಿ, ಆ ಹಣ್ಣು ಬಾಟಲಿಗೆ ತುಂಬಲಿ ಅಂತ. ನೆಲಮಾಳಿಗೇಲಿ ನೀನು ನೋಡಿದ ಪೀಚು, ನಾನು ಹಾಕಿದ್ದು. ಒಂದು ಬಾಟಲಿ ಪೂರ್ತಿ ತುಂಬಿಲ್ಲ, ನೋಡಿದ್ಯಾ? ಅದು ತುಂಬೋವಾಗಲೇ ಹೊರಟುಬಿಟ್ಟೆ. ಹೊರಡು ಶೌನಾ.

…ಹಾಂ. ಹಾಗೆ. ಒಳ್ಳೇ ಹುಡುಗಿ. ಬೂಟು ಎಲ್ಲಿದೆ?…

ಹಲೋ? ಯಾಕೆ ಸುಮ್ಮನಾದೆ?… ಯಾವ ಸದ್ದು?… ಗೇಟಿನ ಹತ್ರದ ಕಬ್ಬಿಣದ ಜಾಲರಿ. ದನ ದಾಟದ ಹಾಗೆ ಹಾಕಿದ್ದಲ್ಲ, ಅದೇ ಅಲ್ವಾ? ಅದು ಗಡಗಡ ಅಂದ್ರೆ ಯಾರೋ ಬಂದ್ರು… ಗಿರಣಿಯಿಂದ ಈ ಹೊತ್ತಿಗೆ ಅವನು ಬರಲ್ವಲ್ಲ! ಅವನ ಪಿಕಪ್ಪೇನಾ? ಕಿಟಕೀಲಿ ನೋಡು…

ಫೋನ್ ಇಡಬೇಡ! ಇಟ್ರೆ ಅವನು ಮತ್ತೆ ಗುಂಡಿ ಒತ್ತಿ ಕೊನೇ ನಂಬರು ಯಾರದ್ದು ಅಂತ ನೋಡ್ತಾನೆ, ಮೊದಲು ಅದನ್ನೇ ಮಾಡೋದು ಅವನು. ಬೆಲ್ಟು ಅನ್ನು. ಅವನ ಹುಟ್ಟುಹಬ್ಬಕ್ಕೆ ಬೆಲ್ಟು ಹೊಲಿಸೋಕೆ ಕೇಳ್ತಿದ್ದೆ ಅನ್ನು. ಅವನೇ ನನ್ನ ಹತ್ರ ಮಾತಾಡಲಿ, ನಾನು ನೋಡ್ಕೋತೀನಿ. ಪಿಸ್ತೂಲು ಹಿಟ್ಟಿಗೆ ಹಾಕು, ಮುಖ ಒರೆಸ್ಕೋ. ಹೋಗು, ಹೋಗು.

…

…

ಹಲೋ… ಓ, ರಾಯ್ಸ್. ನಾನು ಕಣೋ, ನೋರೀನ್… ಹಾಂ, ಇನ್ನೂ ಸತ್ತಿಲ್ಲ. ನೀನು ಹೇಗಿದ್ದೀಯಾ? ಇವತ್ತು ಬೇಗ ಬಂದ್ಬಿಟ್ಯಲ್ಲ… ಮೆಷಿನ್ ಕೆಟ್ಟಿದೆಯಾ ಗಿರಣೀಲಿ. ಅಯ್ಯೋ… ನಾನ್ಯಾಕೆ ಫೋನ್ ಮಾಡ್ಲಿ, ಅವಳೇ ಮಾಡಿದ್ದು… ಏನಂತ ಕೇಳಬೇಡಪ್ಪ, ಹೇಳಿದ್ರೆ ಅವಳ ಗುಟ್ಟು ಹಾಳಾಗುತ್ತೆ… ಸರಿ ಸರಿ, ರೇಗಬೇಡ. ಬೆಲ್ಟು. ನಿನ್ನ ಹುಟ್ಟುಹಬ್ಬಕ್ಕೆ… ಹೌದು, ನನ್ನ ಹತ್ರಾನೇ. ನನ್ನ ಬಿಟ್ರೆ ನಿನಗೆ ಹಿಡಿಸೋ ಹಾಗೆ ಯಾರು ಹೊಲೀತಾರೆ? ಪಾಪ, ಕೇಳೋಕೆ ಎಷ್ಟು ನಾಚ್ಕೊಂಡ್ಲು ಗೊತ್ತಾ!

…ಅಳತೆನಾ? ಬೇಡ ರಾಯ್ಸ್. ನಿನ್ನ ಬೆಲ್ಟಿನ ಅಳತೆ ನನಗೆ ಗೊತ್ತಿಲ್ವಾ? ಉದ್ದ, ಅಗಲ, ಬಕಲ್ಲಿನ ತೂಕ, ಎಲ್ಲ ಗೊತ್ತು. ಕಣ್ಣು ಮುಚ್ಕೊಂಡು ಹೇಳ್ತೀನಿ… ನಗು, ನಗು. ನಿನ್ನ ನಗು ಕೇಳಿ ಎಷ್ಟು ಕಾಲ ಆಯ್ತು.

…ಹೌದು, ಒಳ್ಳೇ ಹುಡುಗಿ ಅವಳು. ನನಗಿಂತ ಒಳ್ಳೆಯವಳು, ಒಪ್ಪಿದೆ. ಹಾಂ, ನನಗೆ ಹೊಟ್ಟೆಕಿಚ್ಚೇ, ಇರಲಿ ಬಿಡು. ಒಂದು ವಿಷಯ, ಚರ್ಮ ಮಾತ್ರ ಅವಳೇ ಬಂದು ಆರಿಸಬೇಕು… ನೀನಲ್ಲ, ಉಡುಗೊರೆ ತಗೊಳ್ಳೋನೇ ಆರಿಸ್ತಾನಾ ಎಲ್ಲಾದ್ರೂ?… ಊಟಕ್ಕೆ ಚರ್ಚಿಗೆ ಹೋಗೋವಾಗ ಇಲ್ಲಿ ಇಳಿಸ್ತೀಯಾ? ಸಾಕು, ಸಾಕು. ಒಂದು ನಿಮಿಷ ಅವಳಿಗೆ ಫೋನ್ ಕೊಡು, ಬಣ್ಣ ಕೇಳಿ ಚರ್ಮ ತೆಗೆದಿಡ್ತೀನಿ… ಹಾಂ, ನೀನೂ ಚೆನ್ನಾಗಿರಪ್ಪ.

…

ಶೌನಾ? ಹೂಂ, ಉಹೂಂ, ಅಷ್ಟೇ ಹೇಳು. ಅಲ್ಲೇ ಇದ್ದಾನಾ?… ನಂಬಿದನಾ?… ದೇವರು ದೊಡ್ಡವನು. ಕೇಳಿಸ್ಕೋ. ಹುಲ್ಲುಗಾವಲು ಬೇಡ ಈಗ. ಅವನೇ ಕರ್ಕೊಂಡು ಬರ್ತಾನೆ. ಅವನು ಪಿಕಪ್ಪಲ್ಲೇ ಕೂತಿರ್ತಾನೆ, ನನ್ನ ಅಂಗಡಿ ಹೊಸ್ತಿಲು ತುಳಿಯೋದು ಅವನಿಗೆ ಅವಮಾನ. ನೀನು ಒಳಗೆ ಬಂದು ನೇರ ಹಿಂಬಾಗಿಲಿಗೆ ಹೋಗು, ವ್ಯಾನು ಅಲ್ಲಿರುತ್ತೆ. ಅವನು ಹಾರ್ನ್ ಹೊಡೆಯೋ ಹೊತ್ತಿಗೆ ನಾವು ಊರಾಚೆ. ಗೊತ್ತಾಯ್ತಾ?… "ಕಂದು ಬಣ್ಣ" ಅನ್ನು, ಅವನಿಗೆ ಕೇಳೋ ಹಾಗೆ… ಹಾಂ, ಹಾಗೇ. ಶಹಭಾಸ್.

ಹಿಟ್ಟಿಗೆ ಹಾಕಿದೆ ತಾನೇ ಅದನ್ನ?…

ಉಹೂಂ?… ಯಾಕೆ? ಅಷ್ಟರಲ್ಲಿ ಬಂದನಾ?… ಮತ್ತೆ ಎಲ್ಲಿದೆ, ಉಗ್ರಾಣದಲ್ಲಾ?… ಉಹೂಂ. ಡ್ರಾಯರಲ್ಲಾ?… ಶೌನಾ, ನಿನ್ನ ಮೈಮೇಲಿದೆಯಾ?

…

ಅಯ್ಯೋ ದೇವರೇ. ಜೇಬಲ್ಲಾ?… ಸೊಂಟಕ್ಕೆ ಸಿಕ್ಕಿಸ್ಕೊಂಡ್ಯಾ, ಏಪ್ರನ್ ಕೆಳಗೆ?… ಒರೆ ಇಲ್ದೆ, ಗುಂಡು ತುಂಬಿರೋದು. ಮುಟ್ಟಬೇಡ ಅದನ್ನ. ನಡುಗಬೇಡ. ಗೋಡೆಗೆ ಒತ್ಕೊಂಡು ನೆಟ್ಟಗೆ ನಿಂತ್ಕೋ…

ಏನೋ ಹೇಳ್ತಿದ್ದಾನಲ್ಲ, ನನಗೂ ಕೇಳಿಸ್ತು. "ನನಗೋಸ್ಕರ ಬೆಲ್ಟಾ, ಚಿನ್ನ" ಅಂತಿದ್ದಾನೆ… ಖುಷಿಯಾಗಿಬಿಟ್ಟಿದ್ದಾನೆ. ಬೆಲ್ಟು ಅಂತ ಯಾಕಾದ್ರೂ ಹೇಳಿದೆನೋ ನಾನು! ಹತ್ರ ಬರ್ತಿದ್ದಾನಾ?… ಓವನ್ ಕಡೆ ಹೋಗು. ಕ್ಯಾಸರೋಲಿನ ಪಾತ್ರೆ ಹೊರಗೆ ತೆಗಿ, ಕೈಲಿ ಹಿಡ್ಕೋ, ಸುಡುತ್ತೆ ದೂರ ಇರು ಅನ್ನು. ಆ ಕೈಗೆ ಆಗಲ್ವಾ? ಕೆಡವು, ನೆಲಕ್ಕೆ ಕೆಡವು! ಅಪ್ಪಿಕೊಳ್ಳೋಕೆ ಬಿಡಬೇಡ ಶೌನಾ, ಅಪ್ಪಿಕೊಳ್ಳೋಕೆ…

…

ನಗ್ತಿದ್ದಾನೆ. ನಗಲಿ. ನೀನೂ ನಗು, ನನ್ನಮ್ಮಾ, ನಗು…

ಶೌನಾ?

ಅವನ ನಗು ಯಾಕೆ ನಿಂತೋಯ್ತು?… ಹಲೋ?… ಶೌನಾ?… ರಾಯ್ಸ್! ರಾಯ್ಸ್, ಅದು ನಂದು ಕಣೋ, ಅವಳದಲ್ಲ, ನಾನಿಟ್ಟಿದ್ದು, ನನ್ನ… ಹಲೋ?… ಹಲೋ…